ಅಲರ್ಜಿಯ ಮೂಗಿನಲ್ಲಿ ನೆತ್ತರು: ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಕಾಫಿ ಕೊಯ್ಲು ಶುರುವಾಯಿತೆಂದರೆ ಕೊಡಗಿನಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮೂಗಿನ ವಿಷಯವೇ ಹೆಚ್ಚು. ಮೂಗಿನ ಅಲರ್ಜಿ ಇರುವವರು, ಅವರ ಮನೆಯವರು ರಕ್ತಸ್ರಾವದ ಬಗ್ಗೆ ಬರೆದ ಆರು ಪತ್ರಗಳನ್ನು ಈ ಸಲ ಆರಿಸಿಕೊಂಡಿದ್ದೇನೆ. ಎಂದಿನಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನಗೆ 42 ವರ್ಷ. ಹತ್ತು ವರ್ಷಗಳಿಂದ ಧೂಳಿನ ಅಲರ್ಜಿ ಇದೆ. ಬೆಳಿಗ್ಗೆ ಎದ್ದ ಕೂಡಲೇ ಸಾಲಾಗಿ ಸೀನು ಬಂದು ಮೂಗು ಸೋರುತ್ತದೆ. ಡಿಸೆಂಬರ್ ಬಂದರೆ ಸೀನಿದಾಗ ಕರವಸ್ತ್ರದಲ್ಲಿ ರಕ್ತದ ಗೆರೆ ಕಾಣುತ್ತದೆ. ಕಣದಲ್ಲಿ ಕಾಫಿ ಹರವಿದ ದಿನಗಳಲ್ಲಂತೂ ಹನಿಹನಿಯಾಗಿ ತೊಟ್ಟಿಕ್ಕುತ್ತದೆ. ಮನೆಯವರೆಲ್ಲ ‘ಉಷ್ಣ ಆಗಿದೆ, ಮಜ್ಜಿಗೆ ಕುಡಿ’ ಎನ್ನುತ್ತಾರೆ. ಅಲರ್ಜಿಯಿಂದ ರಕ್ತ ಬರುತ್ತದೆಯೇ?
— ಗೃಹಿಣಿ, ಸೋಮವಾರಪೇಟೆ

ಉತ್ತರ: ಸೋಮವಾರಪೇಟೆಯ ಡಿಸೆಂಬರ್ ಮುಂಜಾವಿನಲ್ಲಿ ಉಷ್ಣವನ್ನು ಎಲ್ಲಿಂದ ತಂದಿರಿ ಎಂದು ನಿಮ್ಮ ಮನೆಯವರನ್ನು ಕೇಳಬೇಕೆನಿಸುತ್ತದೆ. ಮಜ್ಜಿಗೆ ಕುಡಿಯಲು ಅಡ್ಡಿಯೇನಿಲ್ಲ, ಆದರೆ ನಿಮ್ಮ ಮೂಗಿನ ತೊಂದರೆಗೂ ಅದಕ್ಕೂ ಸಂಬಂಧವಿಲ್ಲ.

ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಲ್ಲಿ, ಕಿರುಬೆರಳಿನ ತುದಿ ಸುಲಭವಾಗಿ ತಾಗುವಷ್ಟು ಹತ್ತಿರದಲ್ಲಿ, ನಾಲ್ಕು ಕಡೆಯಿಂದ ಬಂದ ಸಣ್ಣ ರಕ್ತನಾಳಗಳು ಬಲೆಯಂತೆ ಹೆಣೆದುಕೊಂಡಿರುವ ಒಂದು ಜಾಗವಿದೆ. 1879ರಲ್ಲಿ ಅಮೆರಿಕದ ಶಸ್ತ್ರವೈದ್ಯ ಜೇಮ್ಸ್ ಲಿಟಲ್ ಅದನ್ನು ವಿವರಿಸಿದ್ದರಿಂದ ವೈದ್ಯರು ಇಂದಿಗೂ ಅದನ್ನು ‘ಲಿಟಲ್ಸ್ ಏರಿಯಾ’ ಎಂದೇ ಕರೆಯುತ್ತಾರೆ. ಹತ್ತು ಮಂದಿಯ ಮೂಗಿನಲ್ಲಿ ರಕ್ತ ಬಂದರೆ ಸುಮಾರು ಒಂಬತ್ತು ಮಂದಿಗೆ ಅದು ಬರುವುದು ಇಲ್ಲಿಂದ. ಈ ನಾಳಗಳ ಮೇಲಿರುವುದು ತೆಳುವಾದ ಲೋಳೆಪೊರೆ ಮಾತ್ರ. ನಾವು ಒಳಗೆಳೆದುಕೊಳ್ಳುವ ಗಾಳಿ ಮೊದಲು ಬಡಿಯುವುದೂ ಅಲ್ಲಿಗೇ.

ಅಲರ್ಜಿ ಇರುವವರ ಮೂಗಿಗೆ ಧೂಳಿನ ನುಸಿಯ ಕಣವೋ ಬೂಷ್ಟಿನ ಬೀಜಕಣವೋ ಪರಾಗವೋ ತಾಗಿದ ಕೂಡಲೇ ಮಾಸ್ಟ್ ಕೋಶಗಳೆಂಬ ಕಾವಲು ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಸುರಿಸುತ್ತವೆ. ಅದರಿಂದ ಲೋಳೆಪೊರೆ ಊದಿಕೊಂಡು, ರಕ್ತನಾಳಗಳು ಹಿಗ್ಗಿ, ತುರಿಕೆಯೂ ಸೀನೂ ಸೋರಿಕೆಯೂ ಒಟ್ಟಿಗೇ ಶುರುವಾಗುತ್ತವೆ. ಹಾಗಿದ್ದರೂ ಊದಿದ ಪೊರೆ ತಾನಾಗಿ ಒಡೆಯುವುದು ಅಪರೂಪ. ಅದನ್ನು ಒಡೆಯುವವರು ನಾವೇ. ತುರಿಕೆ ತಾಳದೆ ಮೂಗನ್ನು ಉಜ್ಜುತ್ತೇವೆ, ಒರಟು ಟವೆಲಿನಿಂದ ಮತ್ತೆ ಮತ್ತೆ ಒರೆಸುತ್ತೇವೆ, ಕಟ್ಟಿದ ಮೂಗನ್ನು ಬಲವಾಗಿ ಸೀದುತ್ತೇವೆ, ಒಣಗಿದ ಹಕ್ಕಳೆಯನ್ನು ಉಗುರಿನಿಂದ ಕೀಳುತ್ತೇವೆ. ಆದ್ದರಿಂದ ಅಲರ್ಜಿ ನೆಲವನ್ನು ಹದ ಮಾಡಿಕೊಡುತ್ತದೆ, ರಕ್ತ ಬರಿಸುವುದು ಹೆಚ್ಚಾಗಿ ಕೈ ಎಂಬುದೇ ನಿಮ್ಮ ಪ್ರಶ್ನೆಗೆ ನನ್ನ ಉತ್ತರ.

ಕೊಡಗಿನ ಹವೆ ಈ ಕೆಲಸವನ್ನು ಎರಡು ಕಂತಿನಲ್ಲಿ ಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಬೀರು, ಚಪ್ಪಲಿ ಎಲ್ಲವೂ ಬೂಷ್ಟು ಹಿಡಿಯುತ್ತವೆ, ಬಿಸಿಲು ಕಾಣದ ಹಾಸಿಗೆ-ಕಂಬಳಿಗಳಲ್ಲಿ ನುಸಿಗಳು ಹುಲುಸಾಗಿ ಬೆಳೆಯುತ್ತವೆ. ಹೀಗೆ ನಾಲ್ಕು ತಿಂಗಳು ಊದಿಕೊಂಡೇ ಇದ್ದ ಮೂಗಿಗೆ ಡಿಸೆಂಬರ್‌ನಲ್ಲಿ ತಣ್ಣನೆಯ ಒಣಗಾಳಿ ಎದುರಾಗುತ್ತದೆ. ರಾತ್ರಿ ಕೋಣೆಯಲ್ಲಿ ಹೀಟರ್ ಇಟ್ಟರೆ ಗಾಳಿ ಇನ್ನಷ್ಟು ಒಣಗುತ್ತದೆ, ಕೆಂಡದ ತಟ್ಟೆ ಇಟ್ಟರೆ ಹೊಗೆಯೂ ಸೇರುತ್ತದೆ. ಇದರ ಮೇಲೆ ಕಣದ ಧೂಳು. ಒಣಗಿದ ಚೆರಿಯನ್ನು, ಅಂದರೆ ಕಾಫಿ ಹಣ್ಣನ್ನು, ಗೋರುವಾಗ, ಮೂಟೆಗೆ ತುಂಬುವಾಗ, ಹಲ್ಲರ್ ಯಂತ್ರದಲ್ಲಿ ಸಿಪ್ಪೆ ಬಿಡಿಸುವಾಗ ಏಳುವ ಧೂಳು ಬರಿಯ ಮಣ್ಣಲ್ಲ. ಹುರಿಯದ ಕಾಫಿ ಬೀಜದ ಧೂಳಿಗೇ ಅಲರ್ಜಿ ಬೆಳೆಸಿಕೊಂಡ ಕೆಲಸಗಾರರು ಇದ್ದಾರೆ ಎಂಬುದು ವೈದ್ಯಕೀಯದಲ್ಲಿ ಹಳೆಯ ತಿಳಿವಳಿಕೆ. ಕಣದ ದಿನಗಳಲ್ಲೇ ನಿಮಗೆ ರಕ್ತ ಹೆಚ್ಚಾಗುವುದರಲ್ಲಿ ಆಶ್ಚರ್ಯವಿಲ್ಲ.

ಕಣಕ್ಕೆ ಇಳಿಯುವಾಗ ಸೆರಗನ್ನು ಮೂಗಿಗೆ ಅಡ್ಡ ಹಿಡಿದರೆ ಸಾಲದು, ಮುಖಕ್ಕೆ ಸರಿಯಾಗಿ ಕೂರುವ ಎನ್-95 ಮಾಸ್ಕ್ ಹಾಕಿಕೊಳ್ಳಿ. ಬೆಳಿಗ್ಗೆ ಮತ್ತು ಸಂಜೆ ಬಟಾಣಿ ಕಾಳಿನಷ್ಟು ವ್ಯಾಸಲೀನನ್ನು ಹೊಳ್ಳೆಯ ಅಂಚಿನ ಒಳಭಾಗಕ್ಕೆ ಹಚ್ಚಿ, ಹೊರಗಿನಿಂದ ಮೂಗನ್ನು ಮೆಲ್ಲಗೆ ಒತ್ತಿದರೆ ಅದು ನಡುಗೋಡೆಗೆ ತಾನೇ ಸವರಿಕೊಳ್ಳುತ್ತದೆ. ಬೆರಳನ್ನು ಒಳಗೆ ತೂರಿಸಬೇಕಾಗಿಲ್ಲ, ಮಲಗುವ ಹೊತ್ತಿಗೆ ಹಚ್ಚುವುದೂ ಬೇಡ. ಬಿಸಿಲು ಸಿಕ್ಕ ದಿನವೆಲ್ಲ ಹಾಸಿಗೆಯನ್ನು ಅಂಗಳಕ್ಕೆ ಹಾಕಿ, ದಿಂಬಿನ ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ಇಷ್ಟಾದ ಮೇಲೂ ದಿನನಿತ್ಯ ಸೀನುತ್ತಿದ್ದರೆ ಆಗೊಮ್ಮೆ ಈಗೊಮ್ಮೆ ಮಾತ್ರೆ ನುಂಗುವುದನ್ನು ಬಿಟ್ಟು ವೈದ್ಯರ ಸಲಹೆಯಂತೆ ಮೂಗಿನ ಸ್ಪ್ರೇ ಆರಂಭಿಸುವುದು ಲೇಸು. ಅಂಗಡಿಯಲ್ಲಿ ಸಿಗುವ ಹಳೆಯ ನೆಗಡಿ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್ ನಿದ್ದೆ ತರಿಸುವುದಲ್ಲದೆ ಮೂಗನ್ನು ಒಣಗಿಸಿ ಹಕ್ಕಳೆಯನ್ನೂ ಹೆಚ್ಚಿಸುತ್ತದೆ.

ಪ್ರಶ್ನೆ: ಅಲರ್ಜಿಗೆಂದು ವೈದ್ಯರು ಸ್ಟಿರಾಯ್ಡ್ ಸ್ಪ್ರೇ ಬರೆದುಕೊಟ್ಟರು. ಮೂರು ವಾರದಲ್ಲಿ ಸೀನು ನಿಂತಿತು, ಆದರೆ ಬಲ ಹೊಳ್ಳೆಯಲ್ಲಿ ರಕ್ತ ಬರತೊಡಗಿತು. ಸ್ಟಿರಾಯ್ಡ್ ಮೂಗನ್ನು ಕೊರೆಯುತ್ತದೆ ಎಂದು ಸಹೋದ್ಯೋಗಿಗಳು ಹೆದರಿಸಿದ್ದರಿಂದ ನಿಲ್ಲಿಸಿದೆ. ಈಗ ಸೀನು ಮರಳಿ ಬಂದಿದೆ. ಏನು ಮಾಡಲಿ?
— ಶಾಲಾ ಶಿಕ್ಷಕ, ವಿರಾಜಪೇಟೆ

ಉತ್ತರ: ಬಲ ಹೊಳ್ಳೆ ಎಂದು ನೀವು ಬರೆದದ್ದೇ ನನಗೆ ಬೇಕಾದ ಸುಳಿವು. ನೀವು ಬಲಗೈಯವರು ಎಂದು ನನ್ನ ಊಹೆ.

ನನ್ನ ಕೊಠಡಿಗೆ ಇದೇ ದೂರು ತರುವವರ ಕೈಗೆ ಬಾಟಲಿ ಕೊಟ್ಟು, ‘ಮನೆಯಲ್ಲಿ ಹಾಕಿಕೊಳ್ಳುವಂತೆಯೇ ಹಾಕಿ ತೋರಿಸಿ’ ಎನ್ನುತ್ತೇನೆ. ಹೆಚ್ಚಿನವರು ತಲೆಯನ್ನು ಹಿಂದಕ್ಕೆ ಎಸೆದು, ಬಲಗೈಯಿಂದ ಬಲ ಹೊಳ್ಳೆಗೆ ಮೂತಿಯನ್ನು ತೂರಿಸಿ, ಒತ್ತಿ, ಗಂಟಲಿಗೆ ಇಳಿಯುವಂತೆ ಜೋರಾಗಿ ಎಳೆದುಕೊಳ್ಳುತ್ತಾರೆ. ಬಲ ಮಣಿಕಟ್ಟಿನ ಓರೆಯಿಂದಾಗಿ ಬಾಟಲಿಯ ಮೂತಿ ಸಹಜವಾಗಿಯೇ ನಡುಗೋಡೆಯ ಕಡೆ ತಿರುಗುತ್ತದೆ. ದಿನವೂ ಒಂದೇ ಗುರಿಗೆ ಬೀಳುವ ತುಂತುರು ಆ ತೆಳುಪೊರೆಯನ್ನು ಕೆರಳಿಸಿ ಒಣಗಿಸುತ್ತದೆ, ಕೆಲವೊಮ್ಮೆ ಮೂತಿಯ ತುದಿಯೇ ಪೊರೆಯನ್ನು ಗೀರುತ್ತದೆ. ಔಷಧದ ಅಂಶವೇ ಇಲ್ಲದ ಸ್ಪ್ರೇ ಹಾಕಿಕೊಂಡವರಲ್ಲೂ ಕೆಲವರಿಗೆ ರಕ್ತ ಬರುವುದುಂಟು ಎಂದರೆ ದಿಕ್ಕಿನ ಮಹತ್ವ ನಿಮಗೆ ತಿಳಿಯಬಹುದು. ಇದನ್ನು ಯಾರೂ ಮುಚ್ಚಿಟ್ಟಿಲ್ಲ. ಸ್ಪ್ರೇ ಜೊತೆ ಬರುವ ಮಾಹಿತಿ ಪತ್ರದಲ್ಲೇ ಮೂಗಿನ ರಕ್ತಸ್ರಾವ ಸಾಮಾನ್ಯ ಅಡ್ಡಪರಿಣಾಮವೆಂದು ಅಚ್ಚಾಗಿರುತ್ತದೆ. ಅಷ್ಟು ಸಣ್ಣ ಅಕ್ಷರವನ್ನು ಓದುವವರು ಕಡಿಮೆ, ಅದು ಬೇರೆ ಮಾತು.

ಒಂದು ವಾರ ಸ್ಪ್ರೇ ನಿಲ್ಲಿಸಿ, ಉಪ್ಪುನೀರಿನ ಹನಿ ಮತ್ತು ವ್ಯಾಸಲೀನಿನಿಂದ ಗಾಯ ಮಾಯಲು ಬಿಡಿ. ಬಳಿಕ ಕೈ ಬದಲಿಸಿ ಮತ್ತೆ ಆರಂಭಿಸಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ತಲೆ ತುಸು ಮುಂದಕ್ಕೆ ಬಾಗಿರಲಿ, ಮೂತಿ ಅದೇ ಬದಿಯ ಕಣ್ಣಿನ ಹೊರಮೂಲೆಯತ್ತ ತಿರುಗಿರಲಿ, ಉಸಿರನ್ನು ಹೂವಿನ ಪರಿಮಳ ನೋಡುವಷ್ಟೇ ಮೆಲ್ಲಗೆ ಎಳೆದುಕೊಳ್ಳಿ. ಔಷಧ ಗಂಟಲಿಗೆ ಇಳಿದು ಕಹಿಯಾಯಿತೆಂದರೆ ಮೂಗಿನಲ್ಲಿ ನಿಲ್ಲಲಿಲ್ಲ ಎಂದೇ ಅರ್ಥ.

ಸ್ಟಿರಾಯ್ಡ್ ಎಂಬ ಹೆಸರಿಗೆ ಹೆದರುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಮೊಮೆಟಸೋನ್ ಸ್ಪ್ರೇಯನ್ನು ಒಮ್ಮೆ ಒತ್ತಿದರೆ ಬರುವುದು 50 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಂನ ಇಪ್ಪತ್ತನೆಯ ಒಂದು ಭಾಗ. ಅದರಲ್ಲೂ ರಕ್ತಕ್ಕೆ ಸೇರುವುದು ತೀರಾ ಅಲ್ಪ. ನಡುಗೋಡೆಯಲ್ಲಿ ರಂಧ್ರ ಬೀಳುವುದು ಸಾಧ್ಯವೇ ಇಲ್ಲ ಎನ್ನಲಾರೆ, ಆದರೆ ಅದು ಬಹಳ ಅಪರೂಪ. ವರ್ಷಗಟ್ಟಲೆ ಬಳಸುವವರು ವರ್ಷಕ್ಕೊಮ್ಮೆಯಾದರೂ ಮೂಗಿನ ಒಳಭಾಗವನ್ನು ತೋರಿಸಿಕೊಂಡರೆ ಆ ಭಯಕ್ಕೂ ಎಡೆಯಿರುವುದಿಲ್ಲ.

ಪ್ರಶ್ನೆ: ಏಳು ವರ್ಷದ ಮಗನಿಗೆ ವಾರಕ್ಕೆರಡು ಸಲ ನಿದ್ದೆಯಲ್ಲೇ ಮೂಗಿನಿಂದ ರಕ್ತ ಬಂದು ದಿಂಬು ನೆನೆಯುತ್ತದೆ. ತಲೆಯನ್ನು ಹಿಂದಕ್ಕೆ ಬಾಗಿಸಿ, ನೆತ್ತಿಗೆ ನೀರು ತಟ್ಟಿ, ಈರುಳ್ಳಿ ಮೂಸಿಸುತ್ತೇವೆ. ಮೊನ್ನೆ ರಕ್ತ ನಿಂತ ಮೇಲೆ ಕಪ್ಪಗೆ ವಾಂತಿ ಮಾಡಿಕೊಂಡ. ತುಂಬ ಗಾಬರಿಯಾಗಿದೆ. ಅವನಿಗೂ ಸದಾ ಮೂಗು ತುರಿಸುತ್ತದೆ.
— ತಾಯಿ, ನಾಪೋಕ್ಲು

ಉತ್ತರ: ವಾಂತಿಗೆ ಕಾರಣ ನೀವು ತಲೆಯನ್ನು ಹಿಂದಕ್ಕೆ ಬಾಗಿಸಿದ್ದು. ಹಾಗೆ ಮಾಡಿದಾಗ ರಕ್ತ ನಿಲ್ಲುವುದಿಲ್ಲ, ಕಾಣದಂತೆ ಗಂಟಲಿಗಿಳಿದು ಹೊಟ್ಟೆ ಸೇರುತ್ತದೆ. ಹೊಟ್ಟೆಯ ಆಮ್ಲದಲ್ಲಿ ರಕ್ತ ಕಪ್ಪಾಗುತ್ತದೆ. ಅಂಥ ವಾಂತಿಯನ್ನು ಜಗತ್ತಿನ ಎಲ್ಲ ವೈದ್ಯರೂ ‘ಕಾಫಿ ಪುಡಿಯಂಥ ವಾಂತಿ’ ಎಂದೇ ಬರೆಯುತ್ತಾರೆ, ಕೊಡಗಿನವರಿಗೆ ಆ ಬಣ್ಣವನ್ನು ವಿವರಿಸಬೇಕಾಗಿಲ್ಲ. ನುಂಗಿದ ರಕ್ತ ಹೊಟ್ಟೆಯನ್ನು ಕೆರಳಿಸಿ ಹೊರಬಂದಿದೆ. ವಾಂತಿ ಅಷ್ಟಕ್ಕೇ ನಿಂತಿದ್ದರೆ, ಹುಡುಗ ಗೆಲುವಾಗಿದ್ದರೆ ಅದರ ಬಗ್ಗೆ ಚಿಂತೆ ಬೇಡ.

ಮುಂದಿನ ಸಲ ಹೀಗೆ ಮಾಡಿ. ಅವನನ್ನು ಮಡಿಲಲ್ಲಿ ನೇರವಾಗಿ ಕೂರಿಸಿ ತಲೆಯನ್ನು ಮುಂದಕ್ಕೆ ಬಾಗಿಸಿ. ಮೂಗಿನ ಮೇಲ್ಭಾಗದ ಎಲುಬನ್ನಲ್ಲ, ಕೆಳಗಿನ ಮೆತ್ತನೆಯ ಭಾಗವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು, ಎರಡೂ ಹೊಳ್ಳೆಗಳು ಮುಚ್ಚುವಂತೆ ಒತ್ತಿ, ಗಡಿಯಾರ ನೋಡಿಕೊಂಡು ಪೂರ್ತಿ ಹತ್ತು ನಿಮಿಷ ಬಿಡದೆ ಹಿಡಿದಿರಿ. ಅವನು ಬಾಯಿಯಿಂದ ಉಸಿರಾಡಲಿ, ಬಾಯಿಗೆ ಬಂದದ್ದನ್ನು ಉಗುಳಲಿ. ನಿಂತಿತೇ ಎಂದು ನಿಮಿಷಕ್ಕೊಮ್ಮೆ ಕೈ ಬಿಟ್ಟು ನೋಡುವುದರಿಂದಲೇ ಹೆಚ್ಚಿನ ಮನೆಗಳಲ್ಲಿ ರಕ್ತ ನಿಲ್ಲುವುದಿಲ್ಲ, ಏಕೆಂದರೆ ಆಗಷ್ಟೇ ಕಟ್ಟಿದ ಹೆಪ್ಪು ಒಡೆದುಹೋಗುತ್ತದೆ. ನಿಲ್ಲದಿದ್ದರೆ ಇನ್ನೂ ಹತ್ತು ನಿಮಿಷ ಒತ್ತಿ. ಆಗಲೂ ನಿಲ್ಲದಿದ್ದರೆ, ಮಗು ಬಿಳಿಚಿಕೊಂಡರೆ, ತಲೆಗೆ ಪೆಟ್ಟು ಬಿದ್ದ ಬಳಿಕ ರಕ್ತ ಬಂದಿದ್ದರೆ 108ಕ್ಕೆ ಕರೆ ಮಾಡಿ ಇಲ್ಲವೇ ಸಿಕ್ಕ ಜೀಪಿನಲ್ಲಿ ಹೊರಡಿ, ದಾರಿಯುದ್ದಕ್ಕೂ ಒತ್ತಿದ ಬೆರಳನ್ನು ಬಿಡಬೇಡಿ. ಈರುಳ್ಳಿಯನ್ನು ಸಾರಿಗೆ ಹಾಕಿ. ಅದರ ಘಾಟಿಗೆ ಸೀನು ಬಂದರೆ ನಿಂತ ರಕ್ತವೂ ಮತ್ತೆ ಹರಿಯುತ್ತದೆ. ಗರಿಕೆಯ ರಸ, ಸೊಪ್ಪಿನ ರಸ ಯಾವುದನ್ನೂ ಮೂಗಿಗೆ ಹಿಂಡಬೇಡಿ.

ಹುಡುಗನನ್ನು ಹಗಲಿನಲ್ಲಿ ಒಂದರ್ಧ ಗಂಟೆ ಗಮನಿಸಿ. ಅಂಗೈಯಿಂದ ಮೂಗಿನ ತುದಿಯನ್ನು ಕೆಳಗಿನಿಂದ ಮೇಲಕ್ಕೆ ತಳ್ಳಿ ಉಜ್ಜಿಕೊಳ್ಳುತ್ತಾನೆಯೇ? ದೂರದಿಂದ ನೋಡಿದರೆ ಸಲಾಮು ಹೊಡೆದಂತೆ ಕಾಣುವ ಇದನ್ನು ‘ಅಲರ್ಜಿಯ ಸಲಾಮು’ ಎಂದೇ ಕರೆಯುವುದು ರೂಢಿ. ವರ್ಷಗಟ್ಟಲೆ ಹೀಗೆ ಉಜ್ಜಿದ ಮಕ್ಕಳ ಮೂಗಿನ ಮೇಲೆ, ಎಲುಬು ಮುಗಿದು ಮೆತ್ತನೆಯ ಭಾಗ ಆರಂಭವಾಗುವಲ್ಲಿ, ಒಂದು ಅಡ್ಡಗೆರೆ ಮೂಡಿರುತ್ತದೆ. ಕಣ್ಣಿನ ಕೆಳಗೆ ಕಪ್ಪು ಕೂಡ ಕಾಣಬಹುದು. ರಾತ್ರಿ ನಿದ್ದೆಗಣ್ಣಿನಲ್ಲಿ ಅದೇ ಕೈ ಮೂಗಿಗೆ ಹೋಗುತ್ತದೆ. ‘ಮೂಗಿಗೆ ಬೆರಳು ಹಾಕಬೇಡ’ ಎಂದು ಗದರಿಸಿ ಪ್ರಯೋಜನವಿಲ್ಲ. ತುರಿಕೆ ನಿಂತರೆ ಕೈ ತಾನಾಗಿ ನಿಲ್ಲುತ್ತದೆ. ಉಗುರು ಕತ್ತರಿಸಿ, ಮಕ್ಕಳ ವೈದ್ಯರಲ್ಲಿ ಅಲರ್ಜಿಗೆ ಚಿಕಿತ್ಸೆ ಕೇಳಿ. ವಾರಕ್ಕೆರಡು ಸಲ ಎಂದಿರುವುದರಿಂದ ಹಿಮೊಗ್ಲೋಬಿನ್ ಮತ್ತು ಪ್ಲೇಟ್‌ಲೆಟ್ ಪರೀಕ್ಷೆಯನ್ನೂ ಒಮ್ಮೆ ಮಾಡಿಸಿ. ಮೈಮೇಲೆ ಪೆಟ್ಟಿಲ್ಲದೆ ನೀಲಿ ಕಲೆಗಳು ಏಳುತ್ತಿದ್ದರೆ, ವಸಡಿನಲ್ಲೂ ರಕ್ತ ಬರುತ್ತಿದ್ದರೆ, ಜ್ವರದ ಜೊತೆ ಮೂಗಿನಲ್ಲಿ ರಕ್ತ ಬಂದರೆ ಅದನ್ನು ಅಲರ್ಜಿಯ ಲೆಕ್ಕಕ್ಕೆ ಹಾಕದೆ ಅದೇ ದಿನ ಆಸ್ಪತ್ರೆಗೆ ತೋರಿಸಬೇಕು. ಡೆಂಗಿಯೂ ಹೀಗೆ ಕಾಣಿಸಿಕೊಳ್ಳಬಹುದು.

ಪ್ರಶ್ನೆ: 15 ವರ್ಷದ ಮಗ ಹಾಕಿ ಆಡುತ್ತಾನೆ. ಒಂದು ವರ್ಷದಿಂದ ಎಡ ಹೊಳ್ಳೆ ಮಾತ್ರ ಕಟ್ಟಿರುತ್ತದೆ, ಅದೇ ಹೊಳ್ಳೆಯಿಂದ ಆಗಾಗ ಧಾರಾಕಾರವಾಗಿ ರಕ್ತ ಬರುತ್ತದೆ. ಅಲರ್ಜಿ ಎಂದು ಮಾತ್ರೆ ಕೊಡುತ್ತಿದ್ದೇವೆ.
— ತಂದೆ, ಪೊನ್ನಂಪೇಟೆ

ಉತ್ತರ: ಮಾತ್ರೆಯ ಮೇಲೆ ಇನ್ನು ಒಂದು ವಾರವನ್ನೂ ಕಳೆಯಬೇಡಿ. ಅಲರ್ಜಿಗೆ ಎಡ-ಬಲದ ಭೇದವಿಲ್ಲ; ಅದು ಸಾಮಾನ್ಯವಾಗಿ ಎರಡೂ ಹೊಳ್ಳೆಗಳನ್ನು ಕಾಡುತ್ತದೆ, ಒಮ್ಮೆ ಇದು ಕಟ್ಟಿದರೆ ಇನ್ನೊಮ್ಮೆ ಅದು. ಯಾವಾಗಲೂ ಒಂದೇ ಹೊಳ್ಳೆ ಕಟ್ಟಿ ಅದರಿಂದಲೇ ರಕ್ತ ಬರುವುದಾದರೆ ನಡುಗೋಡೆಯ ಸೊಟ್ಟವೂ ಕಾರಣವಾಗಿರಬಹುದು, ಅದು ಸುಲಭದ ಮಾತು. ಆದರೆ ಹದಿಹರೆಯದ ಗಂಡುಮಕ್ಕಳಲ್ಲಿ ಮೂಗಿನ ಹಿಂಭಾಗದಲ್ಲಿ ಬೆಳೆಯುವ ಆಂಜಿಯೋಫೈಬ್ರೋಮಾ ಎಂಬ ಗಡ್ಡೆಯ ಲಕ್ಷಣವೂ ಇದೇ. ಅದು ಕ್ಯಾನ್ಸರ್ ಅಲ್ಲ, ಅಪರೂಪವೂ ಹೌದು, ಆದರೆ ರಕ್ತನಾಳಗಳಿಂದಲೇ ತುಂಬಿರುವುದರಿಂದ ಧಾರಾಳವಾಗಿ ರಕ್ತ ಸುರಿಸುತ್ತದೆ, ಬೆಳೆಯುತ್ತ ಹೋದರೆ ಕಣ್ಣಿನ ಕಡೆಗೂ ತಲೆಬುರುಡೆಯ ಕಡೆಗೂ ಹಬ್ಬಬಲ್ಲದು. ಹೊರಗಿನಿಂದ ಟಾರ್ಚ್ ಹಾಕಿದರೆ ಅದು ಕಾಣದು. ಮೂಗಿನೊಳಗೆ ತೆಳುವಾದ ದುರ್ಬೀನು ಇಳಿಸಿ ಎಂಡೋಸ್ಕೋಪಿ ಮಾಡಬೇಕು, ಅಗತ್ಯವಿದ್ದರೆ ಸ್ಕ್ಯಾನ್ ಮಾಡಿಸಬೇಕು. ಗಡ್ಡೆಯ ಸಂಶಯವಿದ್ದಾಗ ಸ್ಕ್ಯಾನಿಗೆ ಮೊದಲೇ ಅದರಿಂದ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸುವುದು ಅಪಾಯಕಾರಿ, ಏಕೆಂದರೆ ಆ ರಕ್ತವನ್ನು ನಿಲ್ಲಿಸುವುದು ಕಷ್ಟ. ಮಡಿಕೇರಿಯಲ್ಲಾಗಲಿ ಮೈಸೂರಿನಲ್ಲಾಗಲಿ ಕಿವಿ-ಮೂಗು-ಗಂಟಲು ತಜ್ಞರನ್ನು ಈ ವಾರವೇ ಕಾಣಿ. ಅಲ್ಲಿಯವರೆಗೆ ಹಾಕಿ ಬೇಡ.

ಪ್ರಶ್ನೆ: ನನಗೆ 66 ವರ್ಷ. ಹೃದಯಕ್ಕಾಗಿ ಆಸ್ಪಿರಿನ್, ಬಿ.ಪಿ.ಗೆ ಮಾತ್ರೆ ಇವೆ. ಅಲರ್ಜಿಯಿಂದ ಮೂಗು ಕಟ್ಟುವುದಕ್ಕೆ ಮೆಡಿಕಲ್ ಅಂಗಡಿಯ ಡ್ರಾಪ್ಸ್ ಅನ್ನು ಎರಡು ವರ್ಷದಿಂದ ಹಾಕುತ್ತಿದ್ದೇನೆ. ಮೂಗಿನಲ್ಲಿ ರಕ್ತ ಬಂದರೆ ಬೇಗ ನಿಲ್ಲುವುದಿಲ್ಲ. ಆಸ್ಪಿರಿನ್ ಬಿಡಲೇ?
— ನಿವೃತ್ತ ನೌಕರ, ಕುಶಾಲನಗರ

ಉತ್ತರ: ಆಸ್ಪಿರಿನ್ ಬಿಡಬೇಡಿ, ಡ್ರಾಪ್ಸ್ ಬಿಡಿ. ಕ್ಸೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಇರುವ ಡ್ರಾಪ್ಸ್‌ಗಳನ್ನು ಸತತವಾಗಿ ಐದು ದಿನಕ್ಕಿಂತ ಹೆಚ್ಚು ಬಳಸಬಾರದು. ಬಳಸಿದರೆ ಔಷಧದ ಪ್ರಭಾವ ಇಳಿದೊಡನೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟಿಕೊಂಡು ಮತ್ತೆ ಡ್ರಾಪ್ಸ್ ಕೇಳುತ್ತದೆ. ನಿಮ್ಮದು ಈಗ ಅರ್ಧ ಅಲರ್ಜಿ, ಅರ್ಧ ಡ್ರಾಪ್ಸಿನ ಕಾಯಿಲೆ. ರಕ್ತನಾಳಗಳನ್ನು ಹಿಂಡುವ ಈ ಔಷಧ ಬಿ.ಪಿ. ಇರುವವರಿಗೆ ಹಿತವೂ ಅಲ್ಲ. ಬಿಟ್ಟ ಮೇಲೆ ಒಂದೆರಡು ವಾರ ಮೂಗು ಕಟ್ಟಿ ಕಾಡುತ್ತದೆ. ಆ ಅವಧಿಗೆ ನಿಮ್ಮ ವೈದ್ಯರು ಬೇರೆ ಸ್ಪ್ರೇ ಕೊಡುತ್ತಾರೆ.

ರಕ್ತವನ್ನು ತೆಳುವಾಗಿಸುವ ಮಾತ್ರೆಯನ್ನು ಬದಲಿಸುವುದೋ ಬಿಡುವುದೋ ಹೃದಯದ ವೈದ್ಯರು ತೀರ್ಮಾನಿಸಬೇಕಾದ ವಿಷಯ. ಮೂಗಿನ ರಕ್ತಕ್ಕೆ ಹೆದರಿ ಅದನ್ನು ಬಿಟ್ಟರೆ ಎದೆಗೆ ಸಂಚಕಾರ ಬರಬಹುದು. ಬಿ.ಪಿ. ಹತೋಟಿಯಲ್ಲಿಲ್ಲದಿದ್ದರೆ ಹರಿಯುವ ರಕ್ತ ನಿಲ್ಲುವುದು ತಡವಾಗುತ್ತದೆ, ಅದನ್ನು ಅಳೆಸಿಕೊಳ್ಳಿ. ಮತ್ತೆ ಮತ್ತೆ ಒಂದೇ ನಾಳ ಒಡೆಯುತ್ತಿದ್ದರೆ ಸಿಲ್ವರ್ ನೈಟ್ರೇಟ್ ಕಡ್ಡಿಯಿಂದ ಅದನ್ನು ಸುಟ್ಟು ಮುಚ್ಚುವುದು ಹೊರರೋಗಿ ವಿಭಾಗದಲ್ಲೇ ಮುಗಿಯುವ ಕೆಲಸ. ಮೂಗಿನ ಮುಂದಕ್ಕೆ ಬಾರದೆ ರಕ್ತ ಗಂಟಲಿಗೇ ಇಳಿಯುತ್ತಿದ್ದರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೋಗಿ; ಹಿಂಭಾಗದ ದೊಡ್ಡ ನಾಳದ ರಕ್ತವನ್ನು ಬೆರಳಿನ ಒತ್ತಡದಿಂದ ನಿಲ್ಲಿಸಲಾಗದು. ನಶ್ಯ ಸೇದುವ ಅಭ್ಯಾಸವಿದ್ದರೆ ಅದನ್ನೂ ಇಂದೇ ಬಿಡಿ.

ಪ್ರಶ್ನೆ: ಅಲರ್ಜಿಗೆ ಒಳ್ಳೆಯದೆಂದು ಜಲನೇತಿ ಮಾಡುತ್ತೇನೆ. ನಮ್ಮ ತೋಟದ ತೊರೆಯ ನೀರು ಕನ್ನಡಿಯಂತೆ ತಿಳಿಯಾಗಿದೆ, ಅದನ್ನೇ ಬಳಸುತ್ತೇನೆ. ರಕ್ತ ಬರುವ ಮೂಗಿಗೆ ಇದನ್ನು ಮುಂದುವರಿಸಬಹುದೇ?
— ಕಾಫಿ ಬೆಳೆಗಾರ, ಭಾಗಮಂಡಲ

ಉತ್ತರ: ಮೂಗು ತೊಳೆಯುವುದು ಒಳ್ಳೆಯದೇ. ನುಸಿ, ಬೂಷ್ಟು, ಧೂಳು ಕೊಚ್ಚಿಹೋಗುತ್ತವೆ, ಹಕ್ಕಳೆ ಮೆತ್ತಗಾಗಿ ತಾನಾಗಿ ಬರುತ್ತದೆ. ರಕ್ತ ಬಂದ ದಿನ ಮತ್ತು ಮರುದಿನ ಬಿಟ್ಟು ಉಳಿದಂತೆ ಮುಂದುವರಿಸಿ. ಆದರೆ ತೊರೆಯ ನೀರು ಖಂಡಿತ ಬೇಡ, ಅದು ಎಷ್ಟೇ ತಿಳಿಯಾಗಿರಲಿ. ಮೂಗಿನ ಮೂಲಕ ಮಿದುಳು ಸೇರಿ ಪ್ರಾಣ ತೆಗೆಯುವ ಅಮೀಬಾ ಸೋಂಕು ನಮ್ಮ ಗಡಿಯಾಚೆಗಿನ ಕೇರಳದಲ್ಲಿ ಇತ್ತೀಚಿನ ವರ್ಷಗಳಲ್ಲಿ ಹಲವರಿಗೆ ತಗಲಿದೆ. ಅದು ಅಪರೂಪದ ರೋಗ, ಆದರೆ ತಗಲಿದರೆ ಬದುಕಿ ಉಳಿಯುವವರು ಕಡಿಮೆ.

ತೊರೆಯ ನೀರಿನ ಬಗ್ಗೆ ನನಗೆ ಇನ್ನೊಂದು ಪಾಠವೂ ಆಗಿದೆ. ಹಲವು ವರ್ಷಗಳ ಹಿಂದೆ ತೋಟದ ಕೆಲಸಗಾರರ ಲೈನ್ ಮನೆಯಿಂದ ಬಂದ ಒಬ್ಬ ಹೆಂಗಸಿಗೆ ಒಂದೇ ಹೊಳ್ಳೆಯಿಂದ ದಿನವೂ ತೆಳುವಾಗಿ ರಕ್ತ ಒಸರುತ್ತಿತ್ತು. ಸೀನೂ ಇದ್ದುದರಿಂದ ನಾನು ಸರಿಯಾಗಿ ಒಳಗೆ ನೋಡದೆ ಅಲರ್ಜಿಯ ಮಾತ್ರೆ ಬರೆದು ಕಳಿಸಿದೆ. ಹತ್ತು ದಿನ ಬಿಟ್ಟು ಮರಳಿ ಬಂದವರು, ‘ಮೂಗಿನಲ್ಲಿ ಏನೋ ಆಡಿದಂತಾಗುತ್ತದೆ’ ಎಂದರು. ಈ ಸಲ ಬೆಳಕು ಹಾಕಿ ನೋಡಿದರೆ ಒಳಗೆ ಕಪ್ಪಗೆ ಹೊಳೆಯುವ ವಸ್ತುವೊಂದು ಮುಂದಕ್ಕೆ ಚಾಚಿ, ಮತ್ತೆ ಹಿಂದಕ್ಕೆ ಸರಿಯಿತು. ಜಿಗಣೆ. ಕೆಲಸದ ನಡುವೆ ತೊರೆಗೆ ಬಾಯಿಟ್ಟು ನೀರು ಕುಡಿದಾಗ ಸೇರಿಕೊಂಡದ್ದು ಅಲ್ಲಿಯೇ ರಕ್ತ ಹೀರುತ್ತ ಬೆಳೆದಿತ್ತು. ಮರಗಟ್ಟಿಸುವ ಔಷಧ ಸಿಂಪಡಿಸಿ, ಅದರ ಹಿಡಿತ ಸಡಿಲವಾದ ಮೇಲೆ ಇಕ್ಕಳದಿಂದ ಹೊರಗೆಳೆದೆವು. ರಕ್ತ ಅಂದೇ ನಿಂತಿತು. ಅಂದಿನಿಂದ ಒಂದೇ ಹೊಳ್ಳೆಯ ರಕ್ತ ಎಂದರೆ ಬೆಳಕು ಹಾಕಿ ನೋಡದೆ ನಾನು ಚೀಟಿ ಬರೆಯುವುದಿಲ್ಲ.

ನೀರನ್ನು ಕನಿಷ್ಠ ಐದು ನಿಮಿಷ ಕುದಿಸಿ, ಮುಚ್ಚಿಟ್ಟು, ಉಗುರುಬೆಚ್ಚಗಾಗಲು ಬಿಡಿ. ದೊಡ್ಡ ಲೋಟದಷ್ಟು, ಅಂದರೆ 240 ಮಿಲಿಲೀಟರ್ ನೀರಿಗೆ ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ ಸಾಕು. ಉಪ್ಪಿಲ್ಲದ ನೀರು ಮೂಗನ್ನು ಉರಿಸುತ್ತದೆ, ಉಪ್ಪು ಹೆಚ್ಚಾದರೂ ಉರಿಸುತ್ತದೆ. ತೊಳೆದ ಬಳಿಕ ಜೋರಾಗಿ ಸೀದಬೇಡಿ, ಮುಂದಕ್ಕೆ ಬಾಗಿ ನೀರು ತಾನಾಗಿ ಇಳಿಯಲು ಬಿಡಿ. ಸ್ಪ್ರೇ ಬಳಸುವವರು ಮೊದಲು ತೊಳೆದು, ಕಾಲು ಗಂಟೆ ಬಿಟ್ಟು ಸ್ಪ್ರೇ ಹಾಕಿಕೊಳ್ಳಬೇಕು. ನೇತಿ ಪಾತ್ರೆಯನ್ನೂ ಕುದಿಸಿದ ನೀರಿನಿಂದಲೇ ತೊಳೆದು ಮಗುಚಿ ಒಣಗಿಸಿ. ಮಳೆಗಾಲದಲ್ಲಿ ಅದರೊಳಗೂ ಬೂಷ್ಟು ಹಿಡಿಯುತ್ತದೆ.